ಡೇಟಾಬೇಸ್‌ಗೂ ಉಪವಾಸಕ್ಕೂ ಏನು ಸಂಬಂಧ? ಎಸ್‌ಕ್ಯೂಲೈಟ್ ನಿಯಮಗಳ ಸುತ್ತಲಿನ ಗೊಂದಲ

ಡೆವಲಪರ್‌ಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಒಂದು ಸ್ಕ್ರೀನ್‌ಶಾಟ್ ಓಡಾಡುತ್ತದೆ. ಆ್ಯಪ್‌ಗಳು ಮಾಹಿತಿ ಕೂಡಿಡಲು ಬಳಸುವ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್‌ನ ಅಧಿಕೃತ ಜಾಲತಾಣದ ಪುಟ ಅದು. ಅದರಲ್ಲಿ ಸಾಲಾಗಿ 72 ನಿಯಮಗಳಿವೆ. ಮೊದಲನೆಯದು, ದೇವರನ್ನು ಪೂರ್ಣ ಹೃದಯದಿಂದ, ಪೂರ್ಣ ಆತ್ಮದಿಂದ, ಪೂರ್ಣ ಶಕ್ತಿಯಿಂದ ಪ್ರೀತಿಸು. ಮೂರನೆಯದು ಕೊಲೆ ಮಾಡಬೇಡ, ನಾಲ್ಕನೆಯದು ವ್ಯಭಿಚಾರ ಮಾಡಬೇಡ. 13ನೆಯದು ಉಪವಾಸವನ್ನು ಪ್ರೀತಿಸು. 35ರಲ್ಲಿ ವೈನ್ ಚಟ ಬೇಡ, 36ರಲ್ಲಿ ಹೊಟ್ಟೆಬಾಕನಾಗಬೇಡ, 38ರಲ್ಲಿ ಸೋಮಾರಿಯಾಗಬೇಡ.

ನೋಡಿದವರಲ್ಲಿ ಕೆಲವರಿಗೆ ನಗು, ಕೆಲವರಿಗೆ ಸಿಟ್ಟು. ಇನ್ನು ಕೆಲವರಿಗೆ ನಿಜವಾದ ಆತಂಕ. ನಮ್ಮ ಆ್ಯಪ್‌ನಲ್ಲಿ ಎಸ್‌ಕ್ಯೂಲೈಟ್ ಇದೆ, ಹಾಗಾದರೆ ಇದಕ್ಕೆಲ್ಲ ನಾವೂ ಒಪ್ಪಿಕೊಂಡ ಹಾಗಾಯಿತಾ?

ಇಲ್ಲ, ಹಾಗೇನೂ ಆಗಿಲ್ಲ. ಆದರೆ ಪುಟ ನಿಜವಾದದ್ದೇ, ಯಾರೋ ಸುಮ್ನೆ ಮಾಡಿದ ತಮಾಷೆಯಲ್ಲ. 2018ರ ಅಕ್ಟೋಬರ್‌ನಲ್ಲಿ ಇದು ಜನರ ಕಣ್ಣಿಗೆ ಬಿದ್ದು ದೊಡ್ಡ ಗಲಾಟೆಯೇ ಆಯಿತು. ಓಪನ್ ಸೋರ್ಸ್, ಅಂದರೆ ಕೋಡ್ ಅನ್ನು ಎಲ್ಲರಿಗೂ ತೆರೆದಿಡುವ ಸಾಫ್ಟ್‌ವೇರ್ ಲೋಕದಲ್ಲಿ ಧರ್ಮದ ಮಾತಿಗೆ ಜಾಗ ಇದೆಯೇ ಎಂಬ ಪ್ರಶ್ನೆ ಅಂದಿನಿಂದ ಪೂರ್ತಿ ತಣ್ಣಗಾಗಿಲ್ಲ. ಸ್ಕ್ರೀನ್‌ಶಾಟ್ ಮಾತ್ರ ನೋಡಿದರೆ ಇದು ಭಕ್ತರು ಮತ್ತು ನಾಸ್ತಿಕರ ಜಗಳ ಅನಿಸುತ್ತದೆ. ಒಳಗೆ ಹೋದರೆ ಬೇರೆಯೇ ಜಗಳ ಕಾಣುತ್ತದೆ.

ಎಸ್‌ಕ್ಯೂಲೈಟ್ ಯಾರದ್ದು?

ಡಿ. ರಿಚರ್ಡ್ ಹಿಪ್ ಎಂಬ ಅಮೆರಿಕದ ಪ್ರೋಗ್ರಾಮರ್ 2000ನೇ ಇಸವಿಯಲ್ಲಿ ಇದನ್ನು ಶುರು ಮಾಡಿದರು. ಅವರ ಪುಟ್ಟ ಕಂಪನಿ ನಾರ್ತ್ ಕೆರೊಲಿನಾ ರಾಜ್ಯದ ಶಾರ್ಲಟ್‌ನಲ್ಲಿದೆ. ಎಸ್‌ಕ್ಯೂಲೈಟ್‌ಗೆ ಬೇರೆ ಸರ್ವರ್ ಬೇಡ. ಇಡೀ ಡೇಟಾಬೇಸ್ ಒಂದೇ ಫೈಲಿನಲ್ಲಿ ಕೂರುತ್ತದೆ. ಹೀಗಾಗಿ ಅದು ಎಲ್ಲೆಲ್ಲೂ ಸೇರಿಕೊಂಡಿದೆ. ಆಂಡ್ರಾಯ್ಡ್ ಫೋನ್, ಐಫೋನ್, ಕ್ರೋಮ್, ಫೈರ್‌ಫಾಕ್ಸ್ ಎಲ್ಲದರಲ್ಲೂ ಇದೆ. ನಿಮ್ಮ ಫೋನಿನಲ್ಲಿ ವಾಟ್ಸ್‌ಆ್ಯಪ್ ಸಂದೇಶಗಳು ಉಳಿಯುವುದೂ ಎಸ್‌ಕ್ಯೂಲೈಟ್ ಫೈಲಿನಲ್ಲೇ. ಅಂದರೆ ಅದನ್ನು ಬೈದು ಕಳಿಸಿದ ಸಂದೇಶವೂ ಅದರೊಳಗೇ ಹೋಗಿ ಕೂರುತ್ತದೆ.

ಈ ಯೋಜನೆಯ ಎರಡು ಗುಣ ಗೊತ್ತಿರದಿದ್ದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ.

ಮೊದಲನೆಯದಾಗಿ, ಎಸ್‌ಕ್ಯೂಲೈಟ್ ಪಬ್ಲಿಕ್ ಡೊಮೈನ್‌ನಲ್ಲಿದೆ. ಅದಕ್ಕೆ ಲೈಸೆನ್ಸ್ ಷರತ್ತುಗಳೇ ಇಲ್ಲ. ಯಾರು ಬೇಕಾದರೂ, ಯಾವುದಕ್ಕೆ ಬೇಕಾದರೂ ಬಳಸಬಹುದು.

ಎರಡನೆಯದಾಗಿ, ಕೋಡ್ ಎಲ್ಲರಿಗೂ ಮುಕ್ತವಾಗಿದ್ದರೂ ಅದನ್ನು ಬರೆಯುವ ಕೆಲಸ ಎಲ್ಲರಿಗೂ ಮುಕ್ತವಲ್ಲ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗೆ ಜಗತ್ತಿನ ಯಾವ ಮೂಲೆಯಿಂದಲೂ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಕಳಿಸಬಹುದು. ಎಸ್‌ಕ್ಯೂಲೈಟ್‌ನಲ್ಲಿ ಹಾಗಲ್ಲ. ಬೆರಳೆಣಿಕೆಯ ಜನ ಮಾತ್ರ ಕೋಡ್ ಬರೆಯುತ್ತಾರೆ. ಬರೆದದ್ದು ಪಬ್ಲಿಕ್ ಡೊಮೈನ್‌ಗೆ ಸೇರಿದ್ದು ಎಂದು ಅವರು ಸಹಿ ಮಾಡಿ ಕೊಟ್ಟಿರಬೇಕು. ದಾರಿಹೋಕರ ಪ್ಯಾಚ್‌ಗಳನ್ನು ಅವರು ಹಾಗೇ ಸೇರಿಸಿಕೊಳ್ಳುವುದಿಲ್ಲ.

ಫಾರ್ಮಿನ ಒಂದು ಖಾಲಿ ಜಾಗ

ದೊಡ್ಡ ಕಂಪನಿಗೆ ಏನನ್ನಾದರೂ ಮಾರಬೇಕಾದರೆ ಮೊದಲು ವೆಂಡರ್ ಫಾರ್ಮ್ ತುಂಬಬೇಕು. ಬೆಂಗಳೂರಿನಲ್ಲಿ ಸಣ್ಣ ಐಟಿ ಕಂಪನಿ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಿಎಸ್‌ಟಿ ನಂಬರ್, ಪ್ಯಾನ್, ಕ್ಯಾನ್ಸಲ್ ಮಾಡಿದ ಚೆಕ್. ಅದರ ನಡುವೆ ಎಲ್ಲೋ ಒಂದು ಪ್ರಶ್ನೆ: ನಿಮ್ಮಲ್ಲಿ ಕೋಡ್ ಆಫ್ ಕಂಡಕ್ಟ್, ಅಂದರೆ ಪರಸ್ಪರ ಹೇಗೆ ನಡೆದುಕೊಳ್ಳಬೇಕು ಎಂಬ ನಿಯಮಪಠ್ಯ, ಇದೆಯೇ?

ಎಸ್‌ಕ್ಯೂಲೈಟ್‌ನ ಪುಟ ಹುಟ್ಟಿದ್ದೂ ಇಂಥದ್ದೇ ಪ್ರಶ್ನೆಯಿಂದ. ಅವರ ಕೆಲವು ವಾಣಿಜ್ಯ ಗ್ರಾಹಕರು ಕಳಿಸಿದ ನೋಂದಣಿ ಫಾರ್ಮ್‌ಗಳಲ್ಲಿ ಈ ಜಾಗ ಇತ್ತು. ಅದನ್ನು ತುಂಬಲಿಕ್ಕೆ ಈ ಪುಟ ಮಾಡಿದೆವು ಎಂದು ಅವರೇ ಅಲ್ಲಿ ಬರೆದಿದ್ದಾರೆ. ಬೇರೆಯವರಾಗಿದ್ದರೆ ಎಲ್ಲಿಂದಲೋ ಒಂದು ಸಿದ್ಧ ಪಠ್ಯ ಕಾಪಿ ಮಾಡಿ ಅಂಟಿಸುತ್ತಿದ್ದರು. ಹಿಪ್ ಕ್ರೈಸ್ತ ನಂಬಿಕೆಯುಳ್ಳವರು. ತಾವು ನಿಜವಾಗಿ ನಂಬುವ ಪಠ್ಯವನ್ನೇ ಹಾಕಿದರು.

ಆ ಪಠ್ಯ ಸಂತ ಬೆನೆಡಿಕ್ಟ್‌ನ ನಿಯಮಾವಳಿಯ ನಾಲ್ಕನೇ ಅಧ್ಯಾಯ. ಆರನೇ ಶತಮಾನದ ಇಟಲಿಯಲ್ಲಿ, ಮಾಂಟೆ ಕಸಿನೋ ಎಂಬ ಬೆಟ್ಟದ ಮೇಲಿನ ಮಠದಲ್ಲಿ, ಸನ್ಯಾಸಿಗಳು ಒಟ್ಟಿಗೆ ಬದುಕುವುದು ಹೇಗೆ ಎಂದು ಬೆನೆಡಿಕ್ಟ್ ಲ್ಯಾಟಿನ್‌ನಲ್ಲಿ ಬರೆದಿಟ್ಟ. ಒಟ್ಟು 73 ಅಧ್ಯಾಯಗಳು. ನಾಲ್ಕನೆಯದು ಒಳ್ಳೆಯ ಕೆಲಸಕ್ಕೆ ಬೇಕಾದ ಸಾಧನಗಳ ಪಟ್ಟಿ. ಇದು 1,500 ವರ್ಷ ಸಾವಿರಾರು ಸಮುದಾಯಗಳಲ್ಲಿ ಪರೀಕ್ಷೆಗೆ ಒಳಗಾಗಿ ಗಟ್ಟಿಯಾದ ನಿಯಮ ಎಂಬುದು ಎಸ್‌ಕ್ಯೂಲೈಟ್ ಪುಟ ಕೊಡುವ ಸಮರ್ಥನೆ.

ಸುದ್ದಿ ಸ್ಫೋಟಗೊಂಡ ಸಮಯ

ಇದೇ ಪುಟ ಅದಕ್ಕೂ ನಾಲ್ಕು ವರ್ಷ ಮೊದಲು ಕಂಡಿದ್ದರೆ ಬಹುಶಃ ಜನ ನಕ್ಕು ಸುಮ್ಮನಾಗುತ್ತಿದ್ದರು. 2018ರ ಅಕ್ಟೋಬರ್ ಬೇರೆ ಥರದ ತಿಂಗಳು.

ಕೋರಲೀನ್ ಅಡಾ ಎಮ್ಕೆ ಅವರು 2014ರಲ್ಲಿ ಕಾಂಟ್ರಿಬ್ಯೂಟರ್ ಕವನೆಂಟ್ ಎಂಬ ಸಿದ್ಧ ನಿಯಮಪಠ್ಯ ಬಿಡುಗಡೆ ಮಾಡಿದ್ದರು. ಅವಮಾನ, ಕಿರುಕುಳ, ಲೈಂಗಿಕ ಮಾತು, ವೈಯಕ್ತಿಕ ದಾಳಿ ಸಲ್ಲದು ಎಂಬುದು ಅದರ ತಿರುಳು. ದೂರು ಯಾರಿಗೆ ಕೊಡಬೇಕು ಎಂಬುದಕ್ಕೂ ಅದರಲ್ಲಿ ಜಾಗ ಇದೆ. ಒಂದೊಂದಾಗಿ ಯೋಜನೆಗಳು ಅದನ್ನು ಅಳವಡಿಸಿಕೊಳ್ಳುತ್ತಾ ಬಂದವು.

ಲಿನಕ್ಸ್‌ನ ತಿರುಳಾದ ಕರ್ನೆಲ್ ಬರೆಯುವ ತಂಡ ಮಾತ್ರ ಹಿಂದೇಟು ಹಾಕಿತ್ತು. 2015ರಲ್ಲಿ ಅದು ಕೋಡ್ ಆಫ್ ಕಾನ್‌ಫ್ಲಿಕ್ಟ್ ಎಂಬ ಪುಟ್ಟ ಪಠ್ಯ ಇಟ್ಟುಕೊಂಡಿತು. ನಿಮ್ಮ ಕೋಡ್ ಅನ್ನು ಇಲ್ಲಿ ಕಟುವಾಗಿ ವಿಮರ್ಶಿಸುತ್ತಾರೆ, ಅದಕ್ಕೆ ತಯಾರಿರಿ ಎಂಬ ಧಾಟಿ ಅದರದ್ದು. 2018ರ ಸೆಪ್ಟೆಂಬರ್‌ನಲ್ಲಿ ಎಲ್ಲ ಬದಲಾಯಿತು. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ತಮ್ಮ ಒರಟು ಮಾತುಗಳಿಗೆ ಕ್ಷಮೆ ಕೇಳಿ ಸ್ವಲ್ಪ ದಿನ ಪಕ್ಕಕ್ಕೆ ಸರಿದರು. ಕರ್ನೆಲ್‌ಗೆ ಕಾಂಟ್ರಿಬ್ಯೂಟರ್ ಕವನೆಂಟ್ ಆಧರಿಸಿದ ನಿಯಮ ಬಂತು. ಇದು ಒಳ್ಳೆಯದಾಯಿತು ಎಂದವರೂ, ರಾಜಕೀಯ ಒಳಗೆ ನುಗ್ಗಿತು ಎಂದವರೂ ಎದುರುಬದುರು ನಿಂತಿದ್ದರು.

ಆ ಬಿಸಿ ಆರುವ ಮೊದಲೇ ಎಸ್‌ಕ್ಯೂಲೈಟ್ ಪುಟ ಜನರ ಕಣ್ಣಿಗೆ ಬಿತ್ತು. ಕೋಡ್ ಆಫ್ ಕಂಡಕ್ಟ್ ಎಂಬ ಕಲ್ಪನೆಯನ್ನೇ ಅಣಕಿಸಲು ಇದನ್ನು ಹಾಕಿದ್ದಾರೆ ಎಂದು ಒಂದು ಗುಂಪು ಓದಿಕೊಂಡಿತು. ಎದುರಿನ ಗುಂಪೂ ಅದನ್ನು ಅಣಕ ಎಂದೇ ಓದಿ ಚಪ್ಪಾಳೆ ಹೊಡೆಯಿತು. ಹಿಪ್ ಮಾತ್ರ ಅಣಕವಾಗಿ ಬರೆದಿರಲಿಲ್ಲ.

ವಿರೋಧ ಎಲ್ಲಿತ್ತು?

ಎಲ್ಲ ಆಕ್ಷೇಪಗಳೂ ಒಂದೇ ತೂಕದವಲ್ಲ. ಹೆಚ್ಚು ಕೇಳಿಬಂದದ್ದು ಹೊರಗಿಡುವಿಕೆಯ ಮಾತು. ಕ್ರಿಸ್ತನನ್ನು ಅನುಸರಿಸಲು ನಿನ್ನನ್ನೇ ತ್ಯಜಿಸು ಎನ್ನುತ್ತದೆ ಹತ್ತನೆಯ ನಿಯಮ. ಕ್ರಿಸ್ತನ ಪ್ರೀತಿಗಿಂತ ಮಿಗಿಲು ಯಾವುದೂ ಇರಬಾರದು ಎನ್ನುತ್ತದೆ 21ನೆಯದು. ಹಿಂದೂ, ಮುಸ್ಲಿಂ, ಯಹೂದಿ, ನಾಸ್ತಿಕ ಡೆವಲಪರ್ ಇದನ್ನು ಓದಿದಾಗ ಈ ಮನೆ ನನ್ನದಲ್ಲ ಅಂದುಕೊಳ್ಳುವುದು ಸಹಜ. ಕ್ರೈಸ್ತ ಸಂಸ್ಥೆಗಳಿಂದ ಪೆಟ್ಟು ತಿಂದ ಸಲಿಂಗಿಗಳಿಗಂತೂ ಇದು ಇನ್ನೂ ಜಾಸ್ತಿ ಚುಚ್ಚುತ್ತದೆ.

ಇದಕ್ಕೆ ಬಂದ ಉತ್ತರ, ಹೆಚ್ಚಿನ ನಿಯಮಗಳು ಎಲ್ಲರೂ ಒಪ್ಪುವಂಥವೇ ಅಲ್ವಾ ಎಂದು. ನಿಜ. ಸಿಟ್ಟಿಗೆ ಸೋಲಬೇಡ, ಹಗೆ ಸಾಧಿಸಬೇಡ, ಗೊಣಗಬೇಡ, ಚಾಡಿ ಹೇಳಬೇಡ. ಇನ್ನೊಬ್ಬರ ಕೋಡ್ ಪರಿಶೀಲಿಸುವವರಿಗೆ ಇದಕ್ಕಿಂತ ಒಳ್ಳೆಯ ಬುದ್ಧಿಮಾತು ಸಿಗುವುದು ಕಷ್ಟ. ಆದರೆ ಇಲ್ಲಿ ಒಂದು ಮೋಸ ಇದೆ. ಬೆಂಗಳೂರಿನ ಒಂದು ತಂಡ ವಚನಗಳನ್ನೋ ದಾಸರ ಪದಗಳನ್ನೋ ತನ್ನ ಕೋಡ್ ಆಫ್ ಕಂಡಕ್ಟ್ ಎಂದು ಹಾಕಿತು ಅಂದುಕೊಳ್ಳಿ. ನಮ್ಮಲ್ಲಿ ಹೆಚ್ಚಿನವರಿಗೆ ಅದು ಧರ್ಮ ಹೇರಿದಂತೆ ಕಾಣುವುದೇ ಇಲ್ಲ. ನಮ್ಮ ನೆಲದ ಒಳ್ಳೆಯ ಮಾತು ಎಂದೇ ಕಾಣುತ್ತದೆ. ಅದೇ ಪುಟವನ್ನು ಪೋಲೆಂಡ್‌ನ ಡೆವಲಪರ್ ಓದಿದಾಗ, ಯಾವುದೋ ದೇವರ ಅಂಕಿತ ಕಂಡು ಹುಬ್ಬೇರಿಸುತ್ತಾನೆ. ಅವರವರ ಧರ್ಮ ಅವರವರಿಗೆ ಸಾಮಾನ್ಯ ಜ್ಞಾನದ ಹಾಗೆ ಕಾಣುತ್ತದೆ. ನಾರ್ತ್ ಕೆರೊಲಿನಾದಲ್ಲಿ ಆದದ್ದೂ ಇದೇ.

ಇನ್ನೊಂದು ಆಕ್ಷೇಪಕ್ಕೆ ಅಷ್ಟು ಪ್ರಚಾರ ಸಿಗಲಿಲ್ಲ. ನನ್ನ ಪ್ರಕಾರ ಅದೇ ಗಟ್ಟಿಯಾದದ್ದು. ಯಾರಾದರೂ ನನಗೆ ಕಿರುಕುಳ ಕೊಟ್ಟರೆ ಈ 72 ಸಾಲುಗಳಲ್ಲಿ ನಾನು ಏನು ಮಾಡಬೇಕು ಎಂಬುದು ಎಲ್ಲಿದೆ? ಎಲ್ಲೂ ಇಲ್ಲ. ಬದಲಿಗೆ, ನಿನಗೆ ಆದ ಅನ್ಯಾಯವನ್ನು ತಾಳ್ಮೆಯಿಂದ ಸಹಿಸಿಕೋ ಎಂಬ ಮಾತಿದೆ. ಸನ್ಯಾಸಿಗೆ ಅದು ಸಾಧನೆ. ಬೈಗುಳ ತಿಂದು ಬಂದ ಹೊಸ ಹುಡುಗಿಗೆ ಅದೇ ಮಾತು ಹೇಳಿದರೆ, ಬಾಯಿ ಮುಚ್ಚಿಕೊಂಡಿರು ಎಂದ ಹಾಗೆ.

ವ್ರತ ಬೇರೆ, ಕಟ್ಟಳೆ ಬೇರೆ

ವ್ರತ ಹಿಡಿದವರು ತಾವು ಉಪವಾಸ ಇರುತ್ತಾರೆ, ಪಕ್ಕದ ಮನೆಯವರನ್ನು ಉಪವಾಸ ಕೆಡವುವುದಿಲ್ಲ. ಬೆನೆಡಿಕ್ಟ್‌ನ ನಾಲ್ಕನೇ ಅಧ್ಯಾಯ ಆ ಜಾತಿಯದ್ದು. ನಾನು ಹೀಗೆ ಬದುಕುತ್ತೇನೆ ಎಂದು ಒಬ್ಬ ತನ್ನ ಮೇಲೆ ತಾನೇ ಹೇರಿಕೊಳ್ಳುವ ಮಾತು. ಕಾಂಟ್ರಿಬ್ಯೂಟರ್ ಕವನೆಂಟ್ ಕಟ್ಟಳೆಯ ಜಾತಿಯದ್ದು. ನೀನು ಒಳಗೊಳಗೆ ಏನು ಬೇಕಾದರೂ ಆಗಿರು, ಇನ್ನೊಬ್ಬರ ಮೇಲೆ ಹೀಗೆ ಮಾಡಿದರೆ ದೂರು ಬರುತ್ತದೆ, ದೂರಿನ ಮೇಲೆ ಕ್ರಮ ಆಗುತ್ತದೆ.

ವ್ರತ ಅಳೆಯುವುದು ಒಳಗಿನ ಮನಸ್ಸನ್ನು. ಕಟ್ಟಳೆ ನೋಡುವುದು ಹೊರಗಿನ ನಡವಳಿಕೆಯನ್ನು ಮಾತ್ರ. ವ್ರತ ಮುರಿದರೆ ಪಶ್ಚಾತ್ತಾಪ ಸಾಕು. ಕಟ್ಟಳೆ ಮುರಿದರೆ ಯಾರೋ ಒಬ್ಬರು ಕೂತು ತೀರ್ಮಾನ ಮಾಡಬೇಕು. ಫಾರ್ಮ್ ಕೇಳಿದ್ದು ಕಟ್ಟಳೆ. ಹಿಪ್ ಕೊಟ್ಟದ್ದು ವ್ರತ. ಗಲಾಟೆಯ ಬೇರು ಇಲ್ಲಿದೆ.

ತಮಾಷೆ ಏನೆಂದರೆ, ಬೇಕಾಗಿದ್ದ ಕಟ್ಟಳೆ ಅದೇ ಬೆನೆಡಿಕ್ಟ್‌ನ ಹತ್ತಿರವೇ ಇತ್ತು. ಆತ ಬರೀ ಉಪದೇಶ ಮಾಡಿ ಹೋದವನಲ್ಲ. ಜನ ಒಟ್ಟಿಗಿದ್ದರೆ ಜಗಳ ಆಗಿಯೇ ಆಗುತ್ತದೆ ಎಂದು ಚೆನ್ನಾಗಿ ಗೊತ್ತಿದ್ದವನು. 23ನೇ ಅಧ್ಯಾಯದಿಂದ 30ರವರೆಗೆ ಇರುವುದು ತಪ್ಪು ಮತ್ತು ಶಿಕ್ಷೆಯ ವಿಚಾರ. ತಪ್ಪು ಮಾಡಿದವನಿಗೆ ಹಿರಿಯರು ಮೊದಲು ಗುಟ್ಟಾಗಿ ಬುದ್ಧಿ ಹೇಳಬೇಕು. ತಿದ್ದಿಕೊಳ್ಳದಿದ್ದರೆ ಎರಡನೇ ಸಲ. ಆಮೇಲೆ ಎಲ್ಲರ ಮುಂದೆ. ಅದಕ್ಕೂ ಬಗ್ಗದಿದ್ದರೆ ಬಹಿಷ್ಕಾರ. ಸಣ್ಣ ತಪ್ಪಾದರೆ ಊಟದ ಪಂಕ್ತಿಯಿಂದ ಮಾತ್ರ ಹೊರಗೆ. ಮಠ ಬಿಟ್ಟು ಹೋದವನು ಬದಲಾಗಿ ಮರಳಿ ಬಂದರೆ ಮೂರು ಸಲದವರೆಗೆ ಸೇರಿಸಿಕೊಳ್ಳಬಹುದು. ಮಾತಿಗೆ ಬಗ್ಗದವನಿಗೆ ಹೊಡೆತವೂ ಇತ್ತು. ಆ ಭಾಗ ಬಿಟ್ಟುಬಿಡೋಣ.

ಈಗ ಕಾಂಟ್ರಿಬ್ಯೂಟರ್ ಕವನೆಂಟ್‌ನ ಎರಡನೇ ಆವೃತ್ತಿ ನೋಡಿ. ಮೊದಲ ಮೆಟ್ಟಿಲು ಖಾಸಗಿಯಾಗಿ ತಿದ್ದುವುದು. ಎರಡನೆಯದು ಎಚ್ಚರಿಕೆ. ಮೂರನೆಯದು ತಾತ್ಕಾಲಿಕ ನಿಷೇಧ. ನಾಲ್ಕನೆಯದು ಶಾಶ್ವತ ನಿಷೇಧ. ಒಂದು ಇನ್ನೊಂದನ್ನು ನೋಡಿ ಬರೆದದ್ದು ಎಂದು ಹೇಳುತ್ತಿಲ್ಲ. ಆದರೆ ಮೆಟ್ಟಿಲುಗಳು ಹೆಚ್ಚುಕಡಿಮೆ ಅವೇ.

ಮಠಕ್ಕೆ ಸೇರುವ ವಿಧಾನವೂ ಗಮನಿಸಬೇಕಾದದ್ದು. 58ನೇ ಅಧ್ಯಾಯದ ಪ್ರಕಾರ, ಹೊಸಬ ಬಂದ ಕೂಡಲೇ ಸೇರಿಸಿಕೊಳ್ಳುವಂತಿಲ್ಲ. ಒಂದು ವರ್ಷದ ಅವಧಿಯಲ್ಲಿ ಇಡೀ ನಿಯಮಾವಳಿಯನ್ನು ಅವನಿಗೆ ಮತ್ತೆ ಮತ್ತೆ ಓದಿ ಹೇಳಬೇಕು. ಇದನ್ನು ಪಾಲಿಸಲು ಆಗುತ್ತದೋ ಇರು, ಇಲ್ಲವೋ ಹೊರಡು ಎಂದು ಹೇಳಬೇಕು. ಕೇಳಿ, ಯೋಚಿಸಿ, ತಾನಾಗಿ ಒಪ್ಪಿದ ಮೇಲೆ ಪ್ರತಿಜ್ಞೆ. ಬಗ್ ಸಿಕ್ಕಿತು ಎಂದು ಹೇಳಲು ಐದು ನಿಮಿಷಕ್ಕೆ ಬಂದುಹೋಗುವ ಡೆವಲಪರ್‌ಗೆ ಇದು ಯಾವುದೂ ಇಲ್ಲ. ಒಪ್ಪಿಗೆಯ ಆ ಒಂದು ವರ್ಷವನ್ನೂ ಶಿಕ್ಷೆಯ ಅಧ್ಯಾಯಗಳನ್ನೂ ಕಳಚಿ ನಾಲ್ಕನೇ ಅಧ್ಯಾಯ ಒಂದನ್ನೇ ಎತ್ತಿ ತಂದರೆ ಅದು ಅಂತರದಲ್ಲಿ ನೇತಾಡುತ್ತದೆ.

ಬದಲಾದದ್ದು ಏನು?

ಸ್ಕ್ರೀನ್‌ಶಾಟ್ ಹಂಚುವವರು ಇದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. 2018ರಲ್ಲಿ ಇದ್ದ ಪಠ್ಯ ಈಗ ಹಾಗೇ ಇಲ್ಲ.

ಆಗಿನ ಪಠ್ಯದಲ್ಲಿ ಎರಡು ಮಾತಿದ್ದವು. ಎಸ್‌ಕ್ಯೂಲೈಟ್ ಬಳಸಲು ಈ ನಿಯಮ ಒಪ್ಪಬೇಕಿಲ್ಲ, ಅದು ಎಲ್ಲರಿಗೂ ಮುಕ್ತ. ಆದರೆ ಸಮುದಾಯದಲ್ಲಿ ಭಾಗವಹಿಸುವವರು, ವಿವರಗಳನ್ನು ಒಪ್ಪದಿದ್ದರೂ, ಒಟ್ಟು ಆಶಯಕ್ಕೆ ಗೌರವ ಕೊಟ್ಟು ನಡೆದುಕೊಳ್ಳಬೇಕು. ಒಳಮನಸ್ಸಿಗೆ ಸಂಬಂಧಿಸಿದ ನಿಯಮಗಳನ್ನು ಜಾರಿ ಮಾಡುವುದಿಲ್ಲ ಎಂದೂ ಹೇಳಿದ್ದರು. ಆದರೂ ಈ ಎರಡನೇ ಮಾತು ಹೊರಗಿನವರ ಮೇಲೆ ಬೀಳುತ್ತಿತ್ತು. ವ್ರತ ಕಟ್ಟಳೆಯ ವೇಷ ಹಾಕಿದ್ದು ಅಲ್ಲೇ.

ಗಲಾಟೆಯ ನಂತರ ಹಿಪ್ ಪುಟದ ಹೆಸರನ್ನು ಕೋಡ್ ಆಫ್ ಎಥಿಕ್ಸ್ ಎಂದು ಬದಲಿಸಿದರು. ಕೋಡ್ ಆಫ್ ಕಂಡಕ್ಟ್‌ನ ಜಾಗಕ್ಕೆ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ ಸಮುದಾಯದ ಮಾರ್ಗಸೂಚಿಯನ್ನು ತಂದರು. ಹೆಸರು ಬದಲಿಸಲು ಕಾರಣವನ್ನೂ ಬರೆದರು. ಕೋಡ್ ಆಫ್ ಕಂಡಕ್ಟ್ ಎಂಬ ಮಾತಿಗೆ ಕೆಲವರಲ್ಲಿ ನಿರ್ದಿಷ್ಟವಾದ, ಹೆಚ್ಚುಕಡಿಮೆ ಪವಿತ್ರವಾದ ಅರ್ಥ ಇದೆ ಎಂದು ಆಮೇಲೆ ತಿಳಿಯಿತು, ಈ ಪಠ್ಯ ಅದಕ್ಕೆ ಹೊಂದುವುದಿಲ್ಲ ಎಂದು. ಹೀಗೆ ಬದಲಿಸಲು ಪ್ರೇರಣೆ ಸಿಕ್ಕಿದ್ದು ಮುಖ್ಯವಾಗಿ 71ನೇ ನಿಯಮದಿಂದ ಎಂದೂ ಸೇರಿಸಿದರು. ಸೂರ್ಯ ಮುಳುಗುವ ಮೊದಲು ಎದುರಾಳಿಯ ಜೊತೆ ರಾಜಿ ಮಾಡಿಕೋ ಎನ್ನುತ್ತದೆ ಆ ನಿಯಮ. ಪವಿತ್ರ ಎಂಬ ಮಾತಿನಲ್ಲಿ ಸಣ್ಣ ಕುಟುಕು ಇದೆ, ಇಲ್ಲ ಅನ್ನುವಂತಿಲ್ಲ.

ಹೆಸರಿಗಿಂತ ದೊಡ್ಡ ಬದಲಾವಣೆ ಒಳಗಿನ ವಾಕ್ಯಗಳಲ್ಲಿದೆ. ಈಗಿನ ಪುಟದ ಪ್ರಕಾರ ಸ್ಥಾಪಕರು ಮತ್ತು ಈಗಿನ ಡೆವಲಪರ್‌ಗಳು ಈ ನಿಯಮದ ಆಶಯದಂತೆ ಕೈಲಾದಷ್ಟು ನಡೆಯುತ್ತೇವೆ ಎಂದು ಪ್ರತಿಜ್ಞೆ ಮಾಡಿದ್ದಾರೆ. ಬೇರೆ ಯಾರೂ ಇದನ್ನು ಪಾಲಿಸಬೇಕಿಲ್ಲ, ತಿಳಿದಿರಬೇಕಿಲ್ಲ, ಒಳ್ಳೆಯದು ಎಂದು ಒಪ್ಪಲೂ ಬೇಕಿಲ್ಲ. ಭಾರವೆಲ್ಲ ಹೊರಗಿನವರ ಹೆಗಲಿಂದ ಇಳಿದು ಬರೆದವರ ಹೆಗಲಿಗೇ ಬಂತು. ಒಬ್ಬ ಗ್ರಾಹಕ ಈಗ ಇದನ್ನು ಓದಿದರೆ, ಇವರು ನನಗೆ ಸುಳ್ಳು ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ ಎಂದು ತಿಳಿದುಕೊಳ್ಳಬಹುದು. ಅದರಿಂದ ಅವನ ನಂಬಿಕೆಗೆ ಯಾವ ತೊಂದರೆಯೂ ಇಲ್ಲ.

ಇಷ್ಟು ಸುಲಭವಾಗಿ ಬಗೆಹರಿದದ್ದು ಯೋಜನೆಯ ಬಾಗಿಲು ಮೊದಲಿಂದಲೂ ಅರ್ಧ ಮುಚ್ಚಿದ್ದರಿಂದ. ಒಳಗಿರುವವರು ಬೆರಳೆಣಿಕೆಯ ಜನ, ಎಲ್ಲರೂ ಒಪ್ಪಿದ್ದಾರೆ. ಸಾವಿರಾರು ಅಪರಿಚಿತರು ಬಂದು ಹೋಗುವ ಯೋಜನೆಯಲ್ಲಿ ಈ ಪರಿಹಾರ ನಡೆಯುವುದಿಲ್ಲ. ಅಲ್ಲಿ ನಾವೆಲ್ಲರೂ ಪ್ರತಿಜ್ಞೆ ಮಾಡಿದ್ದೇವೆ ಎಂದು ಬರೆಯಲು ನಾವು ಅಂದರೆ ಯಾರು ಎಂಬುದೇ ದಿನಕ್ಕೊಂದು ಥರ.

ಹಾರೈಕೆ ಮತ್ತು ಷರತ್ತು

ಬಳಸಿದರೆ ಒಪ್ಪಿದ ಹಾಗೆಯೇ ಎಂಬ ಪ್ರಶ್ನೆಗೆ ಈಗ ಬರೋಣ. ಕೋಡ್ ಆಫ್ ಕಂಡಕ್ಟ್ ಸಂಬಂಧಿಸಿದ್ದು ಸಮುದಾಯದಲ್ಲಿ ಭಾಗವಹಿಸುವವರಿಗೆ. ಲೈಸೆನ್ಸ್ ಸಂಬಂಧಿಸಿದ್ದು ಬಳಸುವವರಿಗೆ. ಎರಡನ್ನೂ ಕಲಸುವುದರಿಂದಲೇ ಅರ್ಧ ಆತಂಕ ಹುಟ್ಟುತ್ತದೆ.

ಎಸ್‌ಕ್ಯೂಲೈಟ್‌ನ ಸೋರ್ಸ್ ಫೈಲ್ ತೆರೆದು ನೋಡಿ. ಬೇರೆಯವರು ಲೈಸೆನ್ಸ್ ಹಾಕುವ ಜಾಗದಲ್ಲಿ ಇವರು ಒಂದು ಹಾರೈಕೆ ಹಾಕಿದ್ದಾರೆ. ನೀವು ಒಳಿತು ಮಾಡುವಂತಾಗಲಿ, ಕೆಡುಕನ್ನಲ್ಲ. ನಿಮಗೆ ಕ್ಷಮೆ ಸಿಗಲಿ, ನೀವೂ ಇತರರನ್ನು ಕ್ಷಮಿಸುವಂತಾಗಲಿ. ಕೊಟ್ಟದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳದೆ ಧಾರಾಳವಾಗಿ ಹಂಚಿಕೊಳ್ಳುವಂತಾಗಲಿ. ಸ್ಪಷ್ಟವಾಗಿ ಧಾರ್ಮಿಕ ಧಾಟಿ. ಆದರೂ ಯಾವ ಕಂಪನಿಯ ವಕೀಲರಿಗೂ ಇದರಿಂದ ನಿದ್ದೆ ಕೆಡುವುದಿಲ್ಲ. ಹಾರೈಕೆಯನ್ನು ಮುರಿಯಲು ಬರುವುದಿಲ್ಲವಲ್ಲ.

ಇದರ ಪಕ್ಕದಲ್ಲಿ ಜೇಸನ್ ಎಂಬ ಡೇಟಾ ಮಾದರಿಯನ್ನು ಪರಿಚಯಿಸಿದ ಡಗ್ಲಾಸ್ ಕ್ರಾಕ್‌ಫರ್ಡ್ ಅವರ ಜೇಸನ್ ಲೈಸೆನ್ಸ್ ಇಟ್ಟು ನೋಡಿ. ಅದರಲ್ಲೂ ಒಳಿತು ಕೆಡುಕಿನ ಮಾತಿದೆ. ಆದರೆ ಈ ಸಾಫ್ಟ್‌ವೇರ್ ಅನ್ನು ಒಳಿತಿಗೇ ಬಳಸತಕ್ಕದ್ದು, ಕೆಡುಕಿಗಲ್ಲ ಎಂದು ಷರತ್ತಾಗಿ ಇದೆ. ದೇವರ ಹೆಸರು ಎಲ್ಲೂ ಇಲ್ಲ. ಹೀಗಿದ್ದರೂ ಈ ಒಂದು ಸಾಲಿನಿಂದಾಗಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಆ ಲೈಸೆನ್ಸ್ ಅನ್ನು ಮುಕ್ತ ಎಂದು ಒಪ್ಪಲಿಲ್ಲ. ಲಿನಕ್ಸ್ ಆವೃತ್ತಿಯೊಂದನ್ನು ಹಂಚುವ ಡೆಬಿಯನ್ ಯೋಜನೆಯೂ ಒಪ್ಪಲಿಲ್ಲ. ಹಲವು ಓಪನ್ ಸೋರ್ಸ್ ಯೋಜನೆಗಳನ್ನು ನಡೆಸುವ ಅಪಾಚೆ ಫೌಂಡೇಶನ್ 2016ರಲ್ಲಿ ತನ್ನ ಯೋಜನೆಗಳಲ್ಲಿ ಅದನ್ನು ಬಳಸಬಾರದು ಎಂದಿತು. ಯಾವುದು ಕೆಡುಕು ಎಂದು ಯಾರು ತೀರ್ಮಾನಿಸಬೇಕು? ಅದಕ್ಕೆ ಉತ್ತರ ಇಲ್ಲದ ಷರತ್ತು ಬಳಸುವವನ ತಲೆಯ ಮೇಲೆ ತೂಗುಕತ್ತಿ.

ಧಾರ್ಮಿಕ ಧಾಟಿಯ ಸಾಲು ತೊಂದರೆ ಕೊಡಲಿಲ್ಲ. ಆ ಧಾಟಿ ಇಲ್ಲದ ಸಾಲು ಕೊಟ್ಟಿತು. ಓಪನ್ ಸೋರ್ಸ್‌ನಲ್ಲಿ ತಕರಾರು ಎಬ್ಬಿಸುವುದು ಮಾತಿನ ಮೂಲಕ್ಕಿಂತ ಹೆಚ್ಚಾಗಿ, ಆ ಮಾತು ಯಾರನ್ನು ಕಟ್ಟಿಹಾಕುತ್ತದೆ ಎಂಬುದು.

ಪಟ್ಟಿಯಲ್ಲಿ ಧರ್ಮ, ಪಟ್ಟಿಯಲ್ಲಿ ಜಾತಿ

ಹಾಗಾದರೆ ಕಾಂಟ್ರಿಬ್ಯೂಟರ್ ಕವನೆಂಟ್‌ನಂಥ ಪಠ್ಯಗಳು ಮೌಲ್ಯಗಳಿಂದ ದೂರವೇ? ಖಂಡಿತ ಅಲ್ಲ. ಯಾರಿಗೆ ರಕ್ಷಣೆ ಬೇಕು, ಯಾವ ಮಾತು ನೋವು ಮಾಡುತ್ತದೆ ಎಂಬ ಆಯ್ಕೆಯೇ ಒಂದು ಮೌಲ್ಯ. ಬೇಕಿದ್ದರೆ ಮೌಲ್ಯವನ್ನು ಬೇರೆ ಕಡೆಯಿಂದಲೂ ತರಬಹುದು. ಉಬುಂಟು ಎಂಬ ಲಿನಕ್ಸ್ ಆವೃತ್ತಿ ತನ್ನ ಹೆಸರನ್ನೇ ದಕ್ಷಿಣ ಆಫ್ರಿಕಾದ ಒಂದು ಮಾನವೀಯ ಚಿಂತನೆಯಿಂದ ಪಡೆದು, ಅದರ ನೆರಳಲ್ಲೇ ತನ್ನ ನಡವಳಿಕೆಯ ಪಠ್ಯ ಬರೆದುಕೊಂಡಿತು. ಅಲ್ಲಿ ದೇವತಾಶಾಸ್ತ್ರ ಇರಲಿಲ್ಲ. ಅದರ ಸುತ್ತ ಇಂಥ ಗಲಾಟೆಯೂ ಆಗಲಿಲ್ಲ. ಮುಕ್ತ ಸಾಫ್ಟ್‌ವೇರ್ ಬರೆಯುವ ಗ್ನೂ ಯೋಜನೆ ಮೂರನೇ ದಾರಿ ಹಿಡಿಯಿತು. 2018ರ ಅದೇ ಅಕ್ಟೋಬರ್‌ನಲ್ಲಿ ಅದರ ಸ್ಥಾಪಕ ರಿಚರ್ಡ್ ಸ್ಟಾಲ್‌ಮನ್ ಸೌಜನ್ಯದ ಮಾತಿಗೆ ಮಾರ್ಗಸೂಚಿ ಪ್ರಕಟಿಸಿದರು. ಇದರಲ್ಲಿ ಶಿಕ್ಷೆ ಇಲ್ಲ, ಸಲಹೆ ಮಾತ್ರ ಎಂದರು.

ಕಾಂಟ್ರಿಬ್ಯೂಟರ್ ಕವನೆಂಟ್‌ನಲ್ಲಿ ಧರ್ಮ ಬರುವುದು ರಕ್ಷಣೆಯ ಪಟ್ಟಿಯಲ್ಲಿ. ಧರ್ಮದ ಕಾರಣಕ್ಕೆ ಯಾರನ್ನೂ ಹೀಯಾಳಿಸುವಂತಿಲ್ಲ. ಇದು ಭಕ್ತರಿಗೂ ಗುರಾಣಿ. ನೀನು ಉಪವಾಸ ಮಾಡುತ್ತೀಯಾ ಎಂದು ಡೆವಲಪರ್‌ನನ್ನು ಅಣಕಿಸಿದರೆ ಅದೂ ನಿಯಮ ಮುರಿದ ಹಾಗೆಯೇ. ಆದರೆ ಅದೇ ಪಟ್ಟಿಯಲ್ಲಿ ಲಿಂಗ ಗುರುತು, ಲೈಂಗಿಕ ಒಲವು ಎಲ್ಲ ಇವೆ. ಒಬ್ಬರ ಧಾರ್ಮಿಕ ನಂಬಿಕೆ ಇನ್ನೊಬ್ಬರ ಗುರುತನ್ನೇ ತಪ್ಪು ಎಂದರೆ ಏನು ಮಾಡುವುದು? ಈ ಪಠ್ಯಗಳು ಕೊಡುವ ಉತ್ತರ ಸರಳ. ನಂಬಿಕೆ ನಿನ್ನಲ್ಲಿರಲಿ, ಇಲ್ಲಿ ಅದನ್ನು ಇನ್ನೊಬ್ಬರ ಮೇಲೆ ಎಸೆಯಬೇಡ. ದಿನನಿತ್ಯದ ಕೆಲಸಕ್ಕೆ ಇದು ಸಾಕು. ನಂಬಿಕೆಯನ್ನು ಹೇಳುವುದೂ ನನ್ನ ಧರ್ಮದ ಭಾಗ ಎನ್ನುವವರಿಗೆ ಮಾತ್ರ ಸಾಲದು. ಅವರ ದೂರು ಪೂರ್ತಿ ಸುಳ್ಳಲ್ಲ. ಆದರೆ ಕೋಡ್ ಬರೆಯಲು ಸೇರಿದ ಜಾಗದಲ್ಲಿ ಇದಕ್ಕಿಂತ ಉತ್ತಮ ರಾಜಿಯನ್ನು ಇನ್ನೂ ಯಾರೂ ತೋರಿಸಿಲ್ಲ ಎಂಬುದು ನನ್ನ ಅಭಿಪ್ರಾಯ.

ಭಾರತದ ಓದುಗರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. 2021ರಲ್ಲಿ ಬಂದ 2.1ನೇ ಆವೃತ್ತಿಯಲ್ಲಿ ಆ ಪಟ್ಟಿಗೆ ಜಾತಿ ಸೇರಿತು. ಅಮೆರಿಕದಲ್ಲಿ ಹುಟ್ಟಿದ ಪಠ್ಯಕ್ಕೆ ನಮ್ಮ ಸಮಾಜದ ಗಾಯ ಕಂಡಿತು. ವ್ರತದ ಮಾದರಿಯ ಪಠ್ಯಕ್ಕೆ ಈ ಕೆಲಸ ಕಷ್ಟ. ಎಲ್ಲರನ್ನೂ ಗೌರವಿಸು ಎಂದು ಬೆನೆಡಿಕ್ಟ್‌ನೂ ಹೇಳಿದ್ದಾನೆ, ಎಂಟನೇ ನಿಯಮ ಅದೇ. ಆದರೆ ಆ ಎಲ್ಲರೊಳಗೆ ಯಾರು ಬಿಟ್ಟುಹೋಗುತ್ತಾರೆ ಎಂದು ಹೆಸರಿಟ್ಟು ಹೇಳಿದಾಗ ಮಾತ್ರ ದೂರು ಕೊಡುವವರಿಗೆ ಕಾಲೂರಲು ನೆಲ ಸಿಗುತ್ತದೆ. ಮೀಟಿಂಗ್‌ನಲ್ಲಿ ಅಡ್ಡಹೆಸರು ಕೇಳಿ ಜಾತಿ ಪತ್ತೆ ಮಾಡುವವರ ಬಗ್ಗೆ ದೂರಲು, ಗೌರವ ಎಂಬ ಒಂದು ಪದ ಸಾಲುವುದಿಲ್ಲ.

ಮುಂದೆ ಏನಾಗಬಹುದು?

ಒಂದು ಪರಿಣಾಮ ಈಗಾಗಲೇ ಕಾಣುತ್ತಿದೆ. ಸ್ವಂತ ಮಾತಿನಲ್ಲಿ ಬರೆದರೆ ಗಲಾಟೆ ಎಂದು ಗೊತ್ತಾದ ಮೇಲೆ ಎಲ್ಲರೂ ಸಿದ್ಧ ಪಠ್ಯಕ್ಕೇ ಕೈ ಹಾಕುತ್ತಾರೆ. ಕೋಡ್ ಇಟ್ಟುಕೊಳ್ಳುವ ಗಿಟ್‌ಹಬ್ ತಾಣದಲ್ಲಿ ನಾಲ್ಕು ಕ್ಲಿಕ್ ಮಾಡಿದರೆ ಕಾಂಟ್ರಿಬ್ಯೂಟರ್ ಕವನೆಂಟ್ ಬಂದು ಕೂರುತ್ತದೆ. ಆ ಪಠ್ಯದಲ್ಲಿ ಒಂದು ಚೌಕ ಆವರಣ ಇರುತ್ತದೆ. ದೂರು ಸ್ವೀಕರಿಸುವವರ ವಿಳಾಸವನ್ನು ಇಲ್ಲಿ ಹಾಕಿ ಎಂದು ಅದರೊಳಗೆ ಬರೆದಿರುತ್ತದೆ. ಅದನ್ನು ತುಂಬದೇ ಹಾಗೇ ಬಿಟ್ಟ ಯೋಜನೆಗಳು ಹುಡುಕಿದರೆ ಸಿಗುತ್ತವೆ. ಹಿಪ್ ಫಾರ್ಮಿನ ಜಾಗ ತುಂಬಲು ಸನ್ಯಾಸಿಯ ಪಠ್ಯ ಹಾಕಿದ್ದಕ್ಕೆ ಜಗತ್ತು ನಕ್ಕಿತು. ಆವರಣ ತುಂಬದ ಈ ಯೋಜನೆಗಳೂ ಮಾಡಿರುವುದು ಜಾಗ ತುಂಬುವ ಕೆಲಸವನ್ನೇ. ಹಿಪ್ ಕನಿಷ್ಠ ತಾವು ಹಾಕಿದ್ದನ್ನು ಓದಿದ್ದರು.

ಆವರಣ ತುಂಬಿದವರಿಗೆ ಬೇರೆ ಕಷ್ಟ. ಕಟ್ಟಳೆ ಇದೆ ಎಂದ ಮೇಲೆ ಜಾರಿ ಮಾಡಬೇಕು. 2024ರಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಯೋಜನೆ ತನ್ನ ಅತಿ ಹಿರಿಯ ಮುಖ್ಯ ಡೆವಲಪರ್‌ಗಳಲ್ಲಿ ಒಬ್ಬರನ್ನು ಮೂರು ತಿಂಗಳು ಅಮಾನತು ಮಾಡಿತು. ಅದೇ ವರ್ಷದ ಕೊನೆಯಲ್ಲಿ ಲಿನಕ್ಸ್, ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ಫೈಲ್ ಸಿಸ್ಟಮ್‌ನ ಮುಖ್ಯ ಡೆವಲಪರ್ ಬಳಸಿದ ಮಾತಿನ ಕಾರಣಕ್ಕೆ, ಒಂದು ಬಿಡುಗಡೆಯ ಮಟ್ಟಿಗೆ ಅವರ ಕೋಡ್ ಸ್ವೀಕರಿಸಲಿಲ್ಲ. ಎರಡೂ ಸಲ ನ್ಯಾಯವಾಯಿತು ಎಂದವರೂ, ಅತಿಯಾಯಿತು ಎಂದವರೂ ಇದ್ದರು. ವಿಚಾರಣೆ ನಡೆಸುವವರು ಹೆಚ್ಚಾಗಿ ಸಂಬಳವಿಲ್ಲದ ಸ್ವಯಂಸೇವಕರು. ಸಾಕ್ಷಿ ಹೇಗೆ ನೋಡಬೇಕು, ಮೇಲ್ಮನವಿ ಎಲ್ಲಿ ಎಂಬುದಕ್ಕೆ ಹಲವು ಕಡೆ ಸ್ಪಷ್ಟ ಉತ್ತರವಿಲ್ಲ. ಧರ್ಮವನ್ನು ಪಠ್ಯದಿಂದ ತೆಗೆದರೆ ಜಗಳ ಮುಗಿಯುತ್ತದೆ ಎಂದುಕೊಂಡವರಿಗೆ ಇದು ಉತ್ತರ.

ಎಸ್‌ಕ್ಯೂಲೈಟ್‌ನಲ್ಲೂ ಒಂದು ಪ್ರಶ್ನೆ ಬಾಕಿ ಇದೆ. 2050ರವರೆಗೆ ಇದನ್ನು ನಡೆಸಿಕೊಂಡು ಹೋಗುತ್ತೇವೆ ಎಂದು ತಂಡ ಹೇಳಿದೆ. ಅಲ್ಲಿಯವರೆಗೆ ಈಗಿನವರೇ ಇರುವುದಿಲ್ಲ, ಹೊಸಬರು ಬರಲೇಬೇಕು. ಈಗಿನ ಎಲ್ಲ ಡೆವಲಪರ್‌ಗಳೂ ಪ್ರತಿಜ್ಞೆ ಮಾಡಿದ್ದಾರೆ ಎಂಬ ವಾಕ್ಯ ಆಗ ಏನಾಗುತ್ತದೆ? ದೇವರನ್ನು ನಂಬದ, ಆದರೆ ಡೇಟಾಬೇಸ್ ಚೆನ್ನಾಗಿ ಬಲ್ಲ ಒಬ್ಬರು ಬಂದರೆ ಆ ವಾಕ್ಯ ಬದಲಾಗಬೇಕು. ಬದಲಾಗದಿದ್ದರೆ ಅದು ಕೆಲಸಕ್ಕೆ ಸೇರಲು ಧರ್ಮದ ಪರೀಕ್ಷೆಯಾಗುತ್ತದೆ. ಧರ್ಮದ ಆಧಾರದ ಮೇಲೆ ತಾರತಮ್ಯ ಸಲ್ಲದು ಎನ್ನುವ ಅಮೆರಿಕದ ಕೇಂದ್ರ ಉದ್ಯೋಗ ಕಾನೂನು 15 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಎಸ್‌ಕ್ಯೂಲೈಟ್ ತಂಡ ಅಷ್ಟು ದೊಡ್ಡದಲ್ಲ. ಹಾಗಾಗಿ ಈ ತೀರ್ಮಾನ ಸದ್ಯಕ್ಕೆ ಕೋರ್ಟಿನದ್ದಲ್ಲ, ಆ ಕೆಲವೇ ಜನರದ್ದು.